ಸೋಮವಾರದ ಮೂರು ಮಾತ್ರೆ

ಅವ್ವನ ಕೈಬೆರಳಿನ ಗಿಣ್ಣುಗಳು ಊದಿಕೊಂಡು ವರ್ಷ ದಾಟಿತ್ತು. ಗುಂಡ್ಲುಪೇಟೆಯಲ್ಲಿ ಹಾಕಿಸಿದ ಇಂಜೆಕ್ಷನ್ ನಾಲ್ಕು ದಿನ ಕೆಲಸ ಮಾಡುತ್ತಿತ್ತು, ಆಮೇಲೆ ಮತ್ತೆ ಅದೇ ನೋವು. ತೊಂಬತ್ತರ ದಶಕದ ನಡುವೆ, ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, ಒಂದು ಜೂನ್ ತಿಂಗಳಲ್ಲಿ ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಮೈಸೂರಿನಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಸಂಧಿವಾತ ಎಂದರು. ಸಣ್ಣ ಹಳದಿ ಮಾತ್ರೆ ಬರೆದುಕೊಟ್ಟರು.

"ವಾರಕ್ಕೆ ಒಂದೇ ದಿನ, ಮೂರು ಮಾತ್ರೆ, ಊಟ ಆದ ಮೇಲೆ. ಬೇರೆ ದಿನ ಮುಟ್ಟಬೇಡಿ. ಗುಣ ಗೊತ್ತಾಗೋಕೆ ಎರಡು ತಿಂಗಳೂ ಆಗಬಹುದು, ಮೂರೂ ಆಗಬಹುದು. ಯಾವ ವಾರ ಇಟ್ಕೋತೀರಿ? ನೀವು ಮರೆಯದೇ ಇರೋ ವಾರ ಹೇಳಿ."

"ಸೋಮವಾರ" ಎಂದೆ ನಾನು.

ಅವ್ವ ಮಾದಪ್ಪನ ಒಕ್ಕಲು. ಸೋಮವಾರ ಒಪ್ಪೊತ್ತು ಇರುವವಳು, ಹಗಲೆಲ್ಲ ಉಪವಾಸ, ಸಂಜೆ ಪೂಜೆ ಮುಗಿಸಿ ಒಂದೇ ಊಟ. ಬೇರೆ ಯಾವ ವಾರ ಮರೆತರೂ ಆ ವಾರ ಮರೆಯುವವಳಲ್ಲ. ಇಷ್ಟು ಯೋಚನೆ ಮಾಡಿ ಹೇಳಿದ್ದೆ. ಅವ್ವ ಡಾಕ್ಟರ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಮನೆಯಲ್ಲಿ ಅವಸರ ಬಿದ್ದಿದ್ದು ಹಸುವಿನಿಂದ. ತವರಿನಿಂದ ಕರುವಾಗಿ ಬಂದದ್ದನ್ನು ಅವ್ವನೇ ಸಾಕಿದ್ದಳು. ಅವಳ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ನಾನು ಕೂತರೂ ಒದೆಯುತ್ತಿತ್ತು, ಅಪ್ಪ ಕೂತರೂ ಒದೆಯುತ್ತಿತ್ತು. ಅವ್ವನಿಗೋ ಮೊಲೆ ಹಿಂಡುವಷ್ಟು ಬೆರಳು ಮಡಚುತ್ತಿರಲಿಲ್ಲ. ಕೆಚ್ಚಲಿನಲ್ಲಿ ಹಾಲು ಉಳಿದೇ ಹೋಗುತ್ತಿತ್ತು.

"ಮೂರು ತಿಂಗ್ಳು ಅಂದವ್ರಲ್ಲ, ನೋಡನ. ಗೌರಿ ಹಬ್ಬ ಕಳೀಲಿ" ಎಂದ ಅಪ್ಪ. "ಅಷ್ಟೊತ್ಗೂ ಕೈ ಆಡ್ನಿಲ್ಲ ಅಂದ್ರೆ ತೆರಕಣಾಂಬಿ ಸಂತೆಗೆ ಹೊಡ್ಕೊಂಡೋಗ್ಬುಡ್ತೀನಿ."

ಅವ್ವ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು.

ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ತಾರೀಖು, ಬೆಳಿಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲು ಹಿಡಿದ ಹೊತ್ತು, ಡೈರಿಗೆ ಹಾಕಿದ ಹಾಲು, ಸೋಮವಾರದ ಮಾತ್ರೆ. ಮೊದಲ ವಾರ ಮುಷ್ಟಿಗೆ ಒಂದು ಗಂಟೆ ಹತ್ತು ನಿಮಿಷ, ಹಾಲು ಮೂರು ಲೀಟರು. ಸೋಮವಾರ ಸಂಜೆ ಅವ್ವ ಉಂಡ ತಟ್ಟೆ ಎತ್ತುವಾಗ ಮೂರು ಮಾತ್ರೆ ಅವಳ ಅಂಗೈಗೆ ಹಾಕಿ, ಬಂದು ಕಾಲಂನಲ್ಲಿ ರೈಟ್ ಗುರುತು ಹಾಕುತ್ತಿದ್ದೆ.

ಎಂಟನೇ ವಾರ ಮುಷ್ಟಿಗೆ ಒಂದೂಕಾಲು ಗಂಟೆ. ಹಾಲು ಎರಡು ಲೀಟರು. ಪಕ್ಕದ ಮನೆಯ ಅತ್ತೆ ಜಗಲಿಯಿಂದಲೇ ಕೂಗಿದಳು, "ಬುಕ್ಕಲ್ ಬರ್ದುಬುಟ್ರೆ ನಿಮ್ಮವ್ವನ್ ಕೈ ಬಂದ್ಬುಟ್ಟದಾ ಕಣಮ್ಮಿ?"

ಗೌರಿ ಹಬ್ಬಕ್ಕೆ ಎರಡು ವಾರವಿತ್ತು. ಮನೆ ಧೂಳು ಹೊಡೆಯುತ್ತಾ ದೇವರ ಗೂಡಿನಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿದೆ. ವಿಭೂತಿ ಡಬ್ಬಿ ಗಲಗಲ ಅಂದಿತು. ಮುಚ್ಚಳ ತೆಗೆದರೆ ಹಳದಿ ಮಾತ್ರೆ. ಎಣಿಸಿದೆ, ಇಪ್ಪತ್ನಾಲ್ಕು. ಎಂಟು ಸೋಮವಾರ.

"ಇದೇನವ್ವ ಇದು?"

"ಒಪ್ಪೊತ್ತಿನ್ ದಿನ ಇಂಗ್ಲಿಷ್ ಔಸ್ದಿ ಎಂಗೆ ನುಂಗನ ಕಣಮ್ಮಿ?"

"ಮಂಗಳವಾರ ನುಂಗಬೇಕಿತ್ತು."

"ಬ್ಯಾರೆ ದಿನ ಮುಟ್ಬ್ಯಾಡಿ ಅಂದ್ರಲ್ಲ ಡಾಕ್ಟ್ರು."

"ನನಗಾದ್ರೂ ಹೇಳ್ಬಾರ್ದಾ?"

"ನೀನು ಆಗ್ಲೇ ರೈಟ್ ಹಾಕ್ಬುಟ್ಟಿದ್ದೆ. ನಿನ್ ಬುಕ್ ಯಾಕ್ ಕೆಡ್ಸನ ಅಂತ ಸುಮ್ನಾದೆ." ಆಮೇಲೆ ನನ್ನ ಮುಖ ನೋಡಿ ಕೈ ಚಾಚಿದಳು. "ಓಗ್ಲಿ ಬುಡು, ಕೊಡು ಇಲ್ಲಿ. ಎಲ್ಲಾನೂ ಈಗ್ಲೇ ನುಂಗ್ಬುಡ್ತೀನಿ, ಸರಿಹೋಯ್ತದೆ."

ಡಬ್ಬಿ ಹಿಂದಕ್ಕೆ ಎಳೆದುಕೊಂಡೆ.

ಅದೇ ವಾರ ಮತ್ತೆ ಚಾಮರಾಜನಗರ. ಡಾಕ್ಟರು ಬೈಯಲಿಲ್ಲ. ಬಿಟ್ಟದ್ದನ್ನು ಸೇರಿಸಿ ನುಂಗಬಾರದು, ಮೊದಲಿನಿಂದ ಎಣಿಸಿ ಎಂದರು. ಈ ಸಲ ವಾರ ಆರಿಸಿದ್ದು ಅವ್ವ. ಬುಧವಾರ.

ಅಪ್ಪನಿಗೆ ನಾನೇ ಹೇಳಿದೆ. ಬೀಡಿ ಹಚ್ಚಿದ. "ಔಸ್ದಿ ಒಟ್ಟೆಗೇ ಓಗ್ನಿಲ್ಲ ಅನ್ನು. ಸರಿ, ಕಾರ್ತೀಕ ಕಳೀಲಿ. ಅಲ್ಲೀಗಂಟ ಹಾಲ್ ಕರಿಯೋರ್ ಯಾರು?"

"ನನ್ ಸೀರೆ ಹೊದ್ಕೊಂಡ್ ಕೂತ್ಕೊ" ಎಂದಳು ಅವ್ವ. "ವಾಸ್ನೆಗೆ ಸುಮ್ನಿರ್ತದೆ."

"ಥೂ!" ಎಂದ ಅಪ್ಪ. ಎರಡು ದಿನ ಒದೆಸಿಕೊಂಡ. ಮೂರನೇ ದಿನ ಅವಳ ಹಳೇ ಹಸಿರು ಸೀರೆ ತಲೆ ಮೇಲಿಂದ ಹೊದ್ದು ಕೂತ. ಹಸು ತಿರುಗಿ ಮೂಸಿ ನೋಡಿ ಸುಮ್ಮನಾಯಿತು. ಜಗಲಿಯಲ್ಲಿದ್ದ ಅತ್ತೆ ಬಿಟ್ಟಾಳೆಯೇ, "ಹೊಸ ಸೊಸೆ ಯಾವಾಗ್ ಬಂದ್ಲು? ಮೀಸೆ ಚೆನ್ನಾಗದೆ!"

"ನಗಾಡು, ನಗಾಡು. ಕಾರ್ತೀಕ ಆದ್ಮೇಲೆ ಒಂದು ದಿನಾನೂ ಹೊದ್ಕೊಳಕಿಲ್ಲ" ಎಂದ ಅಪ್ಪ, ನಮಗೆಲ್ಲ ಕೇಳುವ ಹಾಗೆ.

ಈಗ ನಾನು ಬುಧವಾರ ಅವ್ವನ ಎದುರಿಗೇ ಕೂರುತ್ತಿದ್ದೆ. ಅವಳು ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ ಮೇಲೆಯೇ ರೈಟ್. ಹಳೆಯ ಎಂಟು ಗುರುತುಗಳನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ 'ಕೊಟ್ಟದ್ದು' ಎಂದು ಬರೆದೆ.

ಐದನೇ ಬುಧವಾರದವರೆಗೆ ಏನೂ ಇಲ್ಲ. ಏಳನೆಯ ವಾರ ಒಂದು ಗಂಟೆ. ಕಾಲು ಗಂಟೆ ಕಡಿಮೆ ಆಗಿದೆಯೋ ಗಡಿಯಾರ ನಿಧಾನವೋ ಎಂದು ರೇಡಿಯೋ ವಾರ್ತೆಗೆ ಹೊಂದಿಸಿ ನೋಡಿದೆ. ಒಂಬತ್ತನೆಯ ವಾರ ಐವತ್ತು ನಿಮಿಷ. ಹತ್ತನೆಯ ವಾರ ಮತ್ತೆ ಒಂದು ಗಂಟೆ. ಅವತ್ತು ನಾನು ಕಾಲೇಜಿಗೆ ಹೋಗಲಿಲ್ಲ. ಹನ್ನೊಂದನೆಯ ವಾರ ಮೂವತ್ತೈದು ನಿಮಿಷ. ಆ ವಾರ ಅವ್ವ ಮೊಸರನ್ನ ಉಂಡು ಮಾತ್ರೆ ನುಂಗಿ, ಯಾರನ್ನೂ ಕರೆಯದೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಾನೇ ತಿರುಗಿಸಿ ಹಾಕಿದಳು. ಅದಕ್ಕೆ ಕಾಲಂ ಇರಲಿಲ್ಲ, ಪುಟದ ಅಂಚಿನಲ್ಲಿ ಬರೆದೆ.

ಕಾರ್ತೀಕದ ಕಡೇ ಸೋಮವಾರ ಬೆಳಿಗ್ಗೆ ಅಪ್ಪ ಸೀರೆ ಹೊದ್ದು ಹಸುವಿನ ಪಕ್ಕ ಕೂತಿದ್ದ. ಅವ್ವ ಕೊಟ್ಟಿಗೆ ಬಾಗಿಲಲ್ಲಿ ನಿಂತು ಮುಷ್ಟಿ ಕಟ್ಟಿ ಬಿಚ್ಚಿದಳು, ಮತ್ತೆ ಕಟ್ಟಿದಳು. ನಾನು ಗಡಿಯಾರ ನೋಡಿದೆ, ಅವಳು ಎದ್ದು ಇಪ್ಪತ್ತು ನಿಮಿಷ.

"ಏಳು ಅತ್ಲಾಗೆ" ಎಂದಳು ಅಪ್ಪನಿಗೆ.

ನಡುವೆ ಎರಡು ಸಲ ಕೈ ಕೊಡವಿಕೊಂಡಳು. ಬಕೀಟಿನಲ್ಲಿ ಹಾಲಿನ ಸದ್ದು ನಿಂತು, ಮತ್ತೆ ಶುರುವಾಯಿತು. ಚಳಿಯಿತ್ತು. ಅಪ್ಪ ಸೀರೆ ತೆಗೆಯಲು ಮರೆತು, ಹೊದ್ದುಕೊಂಡೇ ಕಂಬಕ್ಕೆ ಒರಗಿ ನಿಂತಿದ್ದ.

"ಸಂತೆಗೆ ಯಾವಾಗ ಹೊಡ್ಕೊಂಡೋದೀಯೆ?" ಅವ್ವ ತಿರುಗದೆ ಕೇಳಿದಳು.

"ಸುಮ್ಕೆ ಕರಿ" ಎಂದ ಅಪ್ಪ.

ಡೈರಿಗೆ ಹಾಕಿದ್ದು ಮೂರೂವರೆ ಲೀಟರು.