ರಷ್ಯಾದ ಮಳೆ ಹಾಡು

ಆ ಹಾಡು ಅಳುವುದೋ ನಗುವುದೋ ನನಗೆ ಇವತ್ತಿಗೂ ತಿಳಿದಿಲ್ಲ. ಲಗ್ನದ ಮನೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಟ್ಟು ಮೇಲೆ ಬಂದವನು ನಾನು. ಬೀಗರು ಬಂದಾಗ ಯಾವುದು, ಮಗಳನ್ನು ಕಳಿಸುವಾಗ ಯಾವುದು, ಇದು ತಪ್ಪಿದರೆ ಈ ಧಂದೆಯಲ್ಲಿ ಮತ್ತೊಮ್ಮೆ ಯಾರೂ ಕರೆಯುವುದಿಲ್ಲ. ಅಂಥ ನನಗೇ ಇದೊಂದು ಹಾಡನ್ನು ಯಾವ ಹೊತ್ತಿಗೆ ಹಚ್ಚಬೇಕೆಂದು ಗೊತ್ತಾಗಲಿಲ್ಲ.

ಅದು ಸಿಕ್ಕದ್ದು ಶಹಾಬಾದದಲ್ಲಿ. ಯಂತ್ರ ಕೂಡಿಸಲು ಬಂದಿದ್ದ ರಷ್ಯಾದ ಇಂಜಿನಿಯರೊಬ್ಬ ಊರಿಗೆ ಹೊರಟಿದ್ದ, ಮನೆ ಸಾಮಾನು ಮಾರುತ್ತಿದ್ದ. ಬೆವರು ಬರುವ ತನಕ ಚೌಕಾಶಿ ಮಾಡಿ ಗ್ರಾಮಫೋನ್ ಕೊಂಡೆ. ಬಾಗಿಲ ತನಕ ಬಂದು, ಕೊಸರಿಗೆ ಒಂದು ಹಾಡಿನ ಪ್ಲೇಟು ಕೊಡ್ರಿ ಅಂದೆ. ಬಾಗಿಲಿಗೆ ಬಂದಮೇಲೆ ಕೇಳಿದ ಕೊಸರು ಯಾರೂ ಇಲ್ಲ ಅನ್ನುವುದಿಲ್ಲ, ನೆನಪಿಟ್ಟುಕೊಳ್ಳಿ. ಅವನ ಹೆಂಡತಿ ಕಪಾಟಿನಿಂದ ಒಂದು ತೆಗೆದು, ಎದೆಗೆ ಹಿಡಿದು ನಿಂತು, ಆಮೇಲೆ ಕೊಟ್ಟಳು. ಏನು ಹಾಡೆಂದು ಕೈಸನ್ನೆ ಮಾಡಿದೆ. ಬೆರಳುಗಳನ್ನು ಮೇಲಿಂದ ಕೆಳಗೆ ಉದುರಿಸಿದಳು, ಎರಡೂ ಕೈ ಅಗಲಿಸಿ ನಕ್ಕಳು. ಕಣ್ಣು ಮಾತ್ರ ಒದ್ದೆ. ಎದುರಿನವರ ಮುಖ ನೋಡಿ ದರ ಕಟ್ಟುವವನು ನಾನು. ಆ ಮುಖ ನನಗೆ ಓದಲಿಕ್ಕೆ ಬರಲಿಲ್ಲ.

ಮಳೆ ಹಾಡು ಅಂತ ನಾನೇ ತೀರ್ಮಾನಿಸಿಕೊಂಡೆ. ಸೇಡಂನ ನನ್ನ ಅಂಗಡಿಯಲ್ಲಿ ಹಚ್ಚಿ ನೋಡಿದೆ. ತಬಲಾ ಇಲ್ಲ, ಪೇಟಿ ಇಲ್ಲ, ಪಿಯಾನೋ ಒಂದೇ. ಮೊದಲು ತಗಡಿನ ಮೇಲೆ ಹನಿ ಬಿದ್ದಂತೆ ಬಿಡಿಬಿಡಿ, ಆಮೇಲೆ ಉಸಿರಿಗೆ ಬಿಡುವಿಲ್ಲ. ಅದರೊಳಗೆ ಒಬ್ಬ ಹೆಂಗಸು ಯಾರನ್ನೋ ಕರೆಯುತ್ತಾಳೋ, ಕಳಿಸುತ್ತಾಳೋ.

ಆ ಬೇಸಿಗೆಯಲ್ಲಿ ಚಿಮ್ಮನಚೋಡದ ರೈತರೊಬ್ಬರು ಮಗಳ ಲಗ್ನಕ್ಕೆ ಮೈಕ್ ಕೇಳಲು ಬಂದರು. "ಎಲ್ಲಾರ ಕಡಿ ಇರೋ ಹಾಡೇ ನಿನ್ನ ಕಡಿ ಅವ. ಹೆಚ್ಚಿಂದು ಏನದ?" ಅಂದರು.

"ರಷ್ಯಾದ ಮಳಿ ಹಾಡ ಅದರಿ. ಹಚ್ಚಿದ್ರ ಮೋಡ ಕೂಡ್ತಾವ," ಅಂದುಬಿಟ್ಟೆ. ಬಾಡಿಗೆ ಕುದುರಿತು.

ಲಗ್ನದ ದಿನ ಅಕ್ಕಿಕಾಳು ಬಿದ್ದು, ಊಟವಾಗಿ, ಫರಸಿ ಕಲ್ಲು ಸಾಗಿಸುವ ಲಾರಿಯಲ್ಲಿ ರಾವೂರದಿಂದ ಬಂದಿದ್ದ ಬೀಗರು ಮದುಮಗಳನ್ನು ಕರೆದುಕೊಂಡು ಹೊರಡುವ ಹೊತ್ತು. "ಆ ಹಾಡ ಹಚ್ಚಲೇ ಇಲ್ಲಲ್ಲೋ," ಅಂದರು ಹೆಣ್ಣಿನ ತಂದೆ. ಹಚ್ಚಿದೆ. ಪ್ಲೇಟು ಮುಗಿಯುವ ಮೊದಲೇ ರೋಹಿಣಿ ಮಳೆ ಹಂದರದ ಮೇಲೆ ಬಡಿಯಿತು. ಹಾಡಿನ ಸುದ್ದಿಯನ್ನು ಹೆಣ್ಣಿನ ತಂದೆ ಊಟದ ಪಂಕ್ತಿಯಲ್ಲೇ ಸಾರಿಬಿಟ್ಟಿದ್ದರು, ಎಲ್ಲರೂ ನನ್ನ ಕಡೆ ತಿರುಗಿದರು.

"ಏ ಮೈಕಿನವ, ಬಂದ್ ಮಾಡೋ!" ಗಂಡಿನ ಸೋದರಮಾವ ಕೂಗಿದರು. "ಹಳ್ಳ ಬಂತಂದ್ರ ಲಾರಿ ದಾಟಂಗಿಲ್ಲ. ಬಿಸಿಲಿಂದು ಯಾವುದರೆ ಇದ್ರ ಹಚ್ಚು!" ಜನ ನಕ್ಕರು, ಅವರು ನಗಲಿಲ್ಲ. "ಬರೋ ವರ್ಷ ನನ್ನ ಮಗಂದು ಲಗ್ನ ಅದ, ತಿಳಕೋ."

ಪ್ಲೇಟಿನಿಂದ ಮುಳ್ಳು ಎತ್ತಿದೆ. ಅಷ್ಟರಲ್ಲಿ ಹೆಣ್ಣಿನ ತಾಯಿ ಹಿಟ್ಟಿನ ಕೈಯಲ್ಲೇ ನನ್ನ ಹತ್ತಿರ ಬಂದರು. ಸಣ್ಣ ದನಿಯಲ್ಲಿ, "ಅಣ್ಣಾ, ಇನ್ನೊಮ್ಮಿ ಹಚ್ರಿ," ಅಂದರು.

"ಯವ್ವಾ, ಹಾಡಿಗಿ ಮಳಿ ಬರ್ತದೇನ್ರಿ?"

"ನೀವೇ ಹೇಳೀರಂತಲ್ಲ? ಲಗ್ನದ ಗದ್ದಲ ಸುರುವಾದಾಗಿಂದ ಒಲಿ ಮುಂದ ಇದ್ದೀನಿ. ಮಗಳ ಮಾರಿ ಸರಿಯಾಗಿ ನೋಡಿಲ್ಲ. ಇವತ್ತೊಂದಿನ ಇದ್ದು ಹೋಗ್ಲಿ."

ಹಾಡಿನಲ್ಲಿ ಏನೂ ಇಲ್ಲ ಅಂದರೆ ನನ್ನ ಮಾತು ಹೋಯಿತು. ಇದೆ ಅಂದರೆ ಸೋದರಮಾವ ಹೇಳಿದ ಬರುವ ವರ್ಷದ ರಾವೂರದ ಲಗ್ನ ಹೋಯಿತು. ಮಾಲಿನ ಗುಣ ಹೇಳಿ ಮಾರ್ರಿ, ಮೋಡ ತರೋ ಜಿಮ್ಮಾ ತಗೋಬೇಡಿ ಅಂತ ಇವತ್ತು ಹುಡುಗರಿಗೆ ಬುದ್ಧಿ ಹೇಳುತ್ತೇನೆ. ಅವತ್ತು ಹೇಳುವವರು ಯಾರೂ ಇರಲಿಲ್ಲ. ಆ ತಾಯಿ ಅಲ್ಲೇ ನಿಂತಿದ್ದರು. ಯಾವ ಲೆಕ್ಕದಲ್ಲಿ ಹಚ್ಚಿದೆನೋ ಗೊತ್ತಿಲ್ಲ, ಹಚ್ಚಿದೆ.

ಹಾಡು ಅರ್ಧಕ್ಕೆ ಬಂದಾಗ ಮಳೆ ನಿಂತಿತು. ಎಕ್ದಮ್ ನಿಂತು ಬಿಸಿಲು ಬಿತ್ತು.

"ಭೇಷ್! ಬಿಸಿಲಿನ ಹಾಡೇ ಅದ ಬಿಡು ಇದು," ಸೋದರಮಾವ ಬೆನ್ನು ಚಪ್ಪರಿಸಿದರು. ತಾಯಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಪ್ಲೇಟು ತೆಗೆದು ತಿಪ್ಪೆಗೆ ಎಸೆಯಬೇಕೆನಿಸಿತು.

ಆಗ ಲಾರಿ ಡ್ರೈವರ್ ಸೊಂಟದ ತನಕ ತೊಯ್ದುಕೊಂಡು ಓಡಿ ಬಂದ. "ಹಳ್ಳ ತುಂಬಿ ಬರಾಕತ್ತದರಿ! ಮ್ಯಾಲ ಎಲ್ಲೋ ಮಳಿ ಭಾಳ ಆಗ್ಯದ. ನಾಳಿ ಮುಂಜಾನಿತನಕ ಲಾರಿ ಹೋಗಂಗಿಲ್ಲ."

ಸೋದರಮಾವ ಆಕಾಶ ನೋಡಿದರು, ಪ್ಲೇಟು ನೋಡಿದರು. "ಖರೇ ಹೇಳೋ, ಇದು ಯಾತರ ಹಾಡ?"

"ನನಗೇ ತಿಳೀವಲ್ದರಿ," ಅಂದೆ. ಗಿರಾಕಿಯ ಮುಂದೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ನಾನು ಕೂತಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಮದುಮಗಳು ಧಾರೆ ಸೀರೆಯಲ್ಲೇ ಒಲೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ತಾಯಿ. ಇಬ್ಬರ ಬೆನ್ನೂ ನನ್ನ ಕಡೆಗಿತ್ತು. ಹೆಗಲುಗಳು ಅಲುಗುತ್ತಿದ್ದವು. ನಗುತ್ತಿದ್ದರೋ ಅಳುತ್ತಿದ್ದರೋ.

"ಸುಮ್ಮ ಯಾಕ ಕುಂತೀಯೋ, ಏನರೆ ಹಚ್ಚು," ಅಂದರು ಹೆಣ್ಣಿನ ತಂದೆ.

ಪೆಟ್ಟಿಗೆಯಲ್ಲಿದ್ದ ಪ್ಲೇಟುಗಳನ್ನೆಲ್ಲ ತಿರುವಿದೆ. ಬೀಗರು ಬರುವಾಗಿನವು ಇದ್ದವು, ಮಗಳನ್ನು ಕಳಿಸುವಾಗಿನವು ಇದ್ದವು. ಯಾವುದೂ ಹೊಂದಲಿಲ್ಲ. ಮತ್ತೆ ಅದನ್ನೇ ಹಚ್ಚಿದೆ. ಯಾರೂ ಬೇಡ ಅನ್ನಲಿಲ್ಲ.