ದೂಮಪ್ಪನ ಕರಾಂಬಾ

ಗಲ್ಫ್‌ನ ಲುಸೈಲ್‌ನಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್ ಆಗಿರುವ ದೂಮಪ್ಪನಿಗೆ ಕ್ರೇನ್ ಕೈಕೊಟ್ಟರೆ "ಕರಾಂಬಾ!", ಸಿಮೆಂಟ್ ಲಾರಿ ತಡವಾದರೆ "ಮಾದ್ರೆ ಮಿಯಾ!", ಚಹಾ ತಣ್ಣಗಾಗಿದ್ದರೂ "ಆಯ್ ಆಯ್ ಆಯ್!". ಎಲ್ಲವೂ, ತನ್ನೂರಿಗೆ ಮರಳಿದ ಸ್ಪೇನ್ ದೇಶದ ಇಂಜಿನಿಯರ್ ಒಬ್ಬ ಬಿಟ್ಟುಹೋದ ಸಾಧು ಉದ್ಗಾರಗಳು. ಒಂದು ಕಾಲದಲ್ಲಿ ಇದೇ ಬಾಯಿಯ ತುಳು ಬೈಗುಳಕ್ಕೆ ಪಾರಿವಾಳಗಳೂ ಸೈಟು ಬಿಟ್ಟು ಹಾರುತ್ತಿದ್ದವು. "ಮಾರಾಯ, ತುಳುವಿನಲ್ಲಿ ಒಮ್ಮೆ ಬೈದುಬಿಡು, ಹಗುರಾಗ್ತದೆ" ಎಂದು ಸ್ಟೋರ್‌ಕೀಪರ್ ದುಗ್ಗು ಕೆಣಕಿದರೆ, "ಖಲಾಸ್, ಬೈಯುವುದನ್ನೇ ಬಿಡ್ತೇನೆಂತ ದೈವಕ್ಕೆ ಹರಕೆ ಹೇಳಿಯಾಗಿದೆ" ಎನ್ನುತ್ತಾನೆ. ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಹೇಳಿಕೊಂಡ ಹರಕೆ ಅದು. ಆದರೂ ಪ್ರತಿ ಸಂಜೆ ಊರಿನ ದಿಕ್ಕಿಗೆ ಕೈಮುಗಿದು ಅಂದಿನ ಕರಾಂಬಾಗಳಿಗೆಲ್ಲ ತಪ್ಪಾಯಿತೆಂದು ಬೇಡಿಕೊಳ್ಳುತ್ತಾನೆ. ದೈವಕ್ಕೆ ಸ್ಪ್ಯಾನಿಷ್ ಬಾರದೆಂದು ನಂಬಿ ಕೂರುವ ಧೈರ್ಯ ಅವನಿಗಿಲ್ಲ. ಆ ಗಾಜಿನ ಪೆಟ್ಟಿಗೆಯಿಂದ ಉಳಿದು ಬಂದ ಮಗಳು, ಈಗ ಏಳು ವರ್ಷದವಳು, ಪಕ್ಕದಲ್ಲೇ ನಿಂತು, "ಪಪ್ಪಾ, ಯಲ್ಲಾ, ಬೇಗ ಬಾ!" ಎಂದು ಅವನ ಲುಂಗಿ ಎಳೆಯುತ್ತಿರುತ್ತಾಳೆ.