ನವಿಲುತೀರ್ಥದ ಒಂಬತ್ತನೇ ಪೋಸ್

ರಾಮದುರ್ಗದಲ್ಲಿ ನಾನು ಸ್ಟುಡಿಯೋ ತೆರೆದು ಇಪ್ಪತ್ತೆರಡು ವರ್ಷ ತುಂಬಿದ್ದವು. ಮದುವೆ, ಬಸುರಿಯರ ಕುಬಸದ ಫೋಟೋಗಳಲ್ಲಿ ಕೈ ಪಳಗಿತ್ತು. ಮಾಡೆಲಿಂಗ್ ಪೋರ್ಟ್‌ಫೋಲಿಯೊ ಮಾತ್ರ ಅದೇ ಮೊದಲು. ಸುರೇಬಾನದ ಗಿರಿಜಾ ಎಂಬ ಹುಡುಗಿಗೆ ಸೀರೆ ಜಾಹೀರಾತಿನಲ್ಲಿ ಕೆಲಸ ಹಿಡಿಯಲು ಫೋಟೋ ಬೇಕಿದ್ದವು. ಹುರುಪಿನಲ್ಲಿ ಹನ್ನೆರಡು ಪೋಸ್‌ಗಳ ಪಟ್ಟಿ ಬರೆದುಕೊಟ್ಟೆ. ಮೊದಲ ಎಂಟು ನಿಂತು, ಪೂರ್ತಿ ಸೀರೆ ಕಾಣುವಂತೆ, ಒಂಬತ್ತನೆಯದು ಕುಳಿತು, ಉಳಿದ ಮೂರು ಬರೀ ಮುಖ. ಆಕೆ ಅದನ್ನು ಬಾಯಿಪಾಠ ಮಾಡಿಕೊಂಡೇ ಬಂದಳು.

ಜಾಗ ನವಿಲುತೀರ್ಥದ ಹತ್ತಿರದ ಒಂದು ಹಾಸುಬಂಡೆ. ಸುಮಾರು ನಲವತ್ತಡಿ ಉದ್ದ, ಅದರಾಚೆ ಕಡಿದಾದ ಕೊರಕಲು, ತಳದಲ್ಲಿ ನೀರು. ಒಮ್ಮೆ ಇಣುಕಿ ನೋಡಿದವನೇ ಈಚೆ ಬಂದಿದ್ದೆ. ಗಿರಿಜಾಳ ಅವ್ವ ಗಿಡದ ನೆರಳಿನಲ್ಲಿ ಬುತ್ತಿ ಗಂಟು ಇಳಿಸುತ್ತ, "ಅಣ್ಣಾರ, ಇದ್ದಾಕಿ ಒಬ್ಬಾಕಿ ಮಗಳು. ನಿಮ್ಮ ಮ್ಯಾಲೆ ಬಿಟ್ಟೇನಿ," ಎಂದರು.

"ನಾ ಅದೀನಲ್ರಿ," ಎಂದೆ. ದೊಡ್ಡ ಜಾಣನ ಹಾಗೆ.

ಅಂಚಿನಿಂದ ಬಹಳ ಈಚೆಗೇ ಆಕೆಯನ್ನು ನಿಲ್ಲಿಸಿದೆ. ನಿಲುವು ಎತ್ತರ ಕಾಣಲೆಂದು ನಾನು ಮೊಣಕಾಲೂರಿ ಕುಳಿತೆ. ಅಲ್ಲಿಂದ ಬಂಡೆಯ ಅಂಚು ಕಾಣುವುದಿಲ್ಲ. ಎಪ್ಪತ್ತರಿಂದ ಇನ್ನೂರು ಮಿಲಿಮೀಟರ್‌ವರೆಗಿನ ಜೂಮ್ ಲೆನ್ಸ್. ರಿಂಗ್ ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ. "ಒಂದೀಟ ಹಿಂದ ಸರೀರಿ, ಸೀರಿ ಅಂಚ ಪೂರಾ ಬರಲಿ," ಎಂದೆ. ಗಿರಾಕಿ ಎಷ್ಟೇ ಚಿಕ್ಕವರಿದ್ದರೂ 'ರೀ' ಹಚ್ಚಿ ಮಾತಾಡುವುದು ನನ್ನ ರೂಢಿ.

ಕೆಲಸ ಚೆನ್ನಾಗಿ ಸಾಗಿತು. ಪ್ರತಿ ಸಲ ಕ್ಲಿಕ್ಕಿಸಿ, "ಸರಿ ರೀ," ಎನ್ನುತ್ತಿದ್ದೆ. ಆಕೆ ಫ್ರೇಮಿನಲ್ಲಿ ಸ್ವಲ್ಪ ಚಿಕ್ಕದಾಗಿ ಕಾಣುತ್ತಿದ್ದಳು, ನಾನು ರಿಂಗ್ ತಿರುಗಿಸುತ್ತಿದ್ದೆ. ನನ್ನ ಕಣ್ಣಿಗೆ ಆಕೆ ಇದ್ದಲ್ಲೇ ಇದ್ದಳು.

ಏಳನೇ ಪೋಸ್ ಆಯಿತು. ಆಕೆ ಮತ್ತೆ ಚಿಕ್ಕದಾಗಿ ಕಂಡಳು. ರಿಂಗ್ ತಿರುಗಲಿಲ್ಲ, ಇನ್ನೂರಕ್ಕೆ ಬಂದು ನಿಂತಿತ್ತು. ಏನಾಯಿತಪ್ಪಾ ಎಂದು ಕ್ಯಾಮೆರಾದಿಂದ ಕಣ್ಣು ತೆಗೆದು ಎದ್ದು ನಿಂತೆ.

ಗಿರಿಜಾ ಅಂಚಿನಲ್ಲಿದ್ದಳು. ಹಿಮ್ಮಡಿಯ ಹಿಂದೆ ಒಂದು ಗೇಣು ಬಂಡೆಯೂ ಉಳಿದಿರಲಿಲ್ಲ. ಸೆರಗು ಗಾಳಿಗೆ ಕೊರಕಲಿನ ಮೇಲೆ ಹಾರುತ್ತಿತ್ತು.

ಕೂಗಿದರೆ ಬೆಚ್ಚುತ್ತಾಳೆ. ಓಡಿದರೆ ಗಾಬರಿಯಾಗಿ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಹೊಳೆದದ್ದು ಆ ಪಟ್ಟಿಯೊಂದೇ.

"ಒಂಬತ್ತನೇ ಪೋಸ್‌ರಿ," ಎಂದೆ ಮೆಲ್ಲಗೆ. "ಇದ್ದಲ್ಲೇ ಕುಂಡ್ರಿ."

"ಎಂಟನೇದು ಆಗಿಲ್ಲಲ್ರಿ ಅಣ್ಣಾರ?"

"ಆಮ್ಯಾಲ ತಗಿಯೂಣು. ಮೊದ್ಲ ಕುಂಡ್ರಿ."

ಕುಳಿತಳು. ಬಗ್ಗಿ ಹೋಗಿ ಮುಂಗೈ ಹಿಡಿದು ಎಳೆದುಕೊಂಡೆ. ಆಗ ಹಿಂದಕ್ಕೆ ನೋಡಿದವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಭಯ ಸಿಟ್ಟಾಗಿ ಬಂತು. "ಯಾಕ ಹಿಂದ ಹೋದ್ರಿ?" ಎಂದು ರೇಗಿದೆ.

"ನೀವ 'ಸರೀರಿ, ಸರೀರಿ' ಅಂದ್ರಲ್ರಿ. ಅದಕ್ಕ ಸರಕೋತ ಹೋದ್ನಿರಿ."

ನಾನು 'ಸರಿ ರೀ' ಎಂದು ಮೆಚ್ಚಿದ್ದನ್ನೆಲ್ಲ ಆಕೆ ಅಪ್ಪಣೆಯೆಂದು ಕೇಳಿದ್ದಳು. ಅವ್ವ ನೆರಳಿನಲ್ಲಿ ರೊಟ್ಟಿ ಬಿಚ್ಚುತ್ತಿದ್ದರು. ಅವರಿಗೆ ಹೇಳುವಾಗ ಅವರ ಮುಖ ನೋಡಲು ನನಗಾಗಲಿಲ್ಲ.

ಉಳಿದ ಪೋಸ್‌ಗಳನ್ನು ಸ್ಟುಡಿಯೋದಲ್ಲೇ ತೆಗೆದೆ. ಕಂಪ್ಯೂಟರಿನಲ್ಲಿ ಪ್ರತಿ ಫೋಟೋದ ಕೆಳಗೆ ಲೆನ್ಸಿನ ಅಳತೆ ಕಾಣುತ್ತದೆ: ಎಪ್ಪತ್ತು, ಎಂಬತ್ತೈದು, ನೂರಾ ಐದು, ನೂರಾ ಮೂವತ್ತೈದು, ನೂರಾ ಅರವತ್ತು, ನೂರಾ ಎಂಬತ್ತು, ಇನ್ನೂರು. ಏಳರಲ್ಲೂ ಆಕೆ ಒಂದೇ ಅಳತೆಯಲ್ಲಿ ನಗುತ್ತಿದ್ದಾಳೆ.

ಈಗ ಪೋಸ್ ಹಿಡಿಸಿದರೆ "ಬರೋಬರ್" ಎನ್ನುತ್ತೇನೆ, ಪ್ರತಿ ಕ್ಲಿಕ್ಕಿಗೂ ಕಣ್ಣು ತೆಗೆದು ಕಾಲು ನೋಡುತ್ತೇನೆ. ಆದರೆ ಅಂದು ನಾನಾಗಿ ಕಣ್ಣು ತೆಗೆದಿರಲಿಲ್ಲ. ಲೆನ್ಸ್ ಮುಗಿದಿತ್ತು, ಅಷ್ಟೇ.